ಮೊಳೆ ತೂತು ಮುಚ್ಚಿ ಬಣ್ಣ ಹೊಡೆದರೂ ಮತ್ತೆ ಎದ್ದು ಕಾಣುತ್ತಿದೆ, ಎಲ್ಲಿ ತಪ್ಪಿದೆ?

ಗೋಡೆಗೊಂದು_ಮೊಳೆ
ಹಾಲ್‌ನ ಒಂದೇ ಗೋಡೆಯಲ್ಲಿ 37 ತೂತು. ಉತ್ಪ್ರೇಕ್ಷೆ ಅಲ್ಲ, ಎಣಿಸಿದ್ದೇನೆ. ಫೋಟೊ, ಕ್ಯಾಲೆಂಡರ್, ಗಡಿಯಾರ, ಮಕ್ಕಳ ಬ್ಯಾಗು ಅಂತ ವರ್ಷಕ್ಕೆ ಮೂರು ನಾಲ್ಕು ಮೊಳೆ ಹೊಡೆದರೆ ಇನ್ನೇನಾಗುತ್ತದೆ. ಹೋದ ವಾರ ಎಲ್ಲಾ ಕಿತ್ತೆ. ಡಬ್ಬದಲ್ಲಿ ಬರುವ ರೆಡಿ ಪುಟ್ಟಿ ತಂದು ಬೆರಳಲ್ಲೇ ಮೆತ್ತಿದೆ. ಒಂದು ಗಂಟೆ ಬಿಟ್ಟು ಎಮರಿ ಪೇಪರ್ ಉಜ್ಜಿ, ಅವತ್ತೇ ಎಮಲ್ಷನ್ 2 ಕೋಟ್ ಹೊಡೆದೆ.

ಹಗಲಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸಂಜೆ ಗೋಡೆ ಮೇಲಿನ ದೀಪ ಹಾಕಿದ ತಕ್ಷಣ 37 ತೂತೂ ಹಾಜರು. ಕೆಲವು ಗುಳಿಬಿದ್ದಿವೆ. ಕೆಲವು ಕಡೆ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿದೆ. ಕೆಲವು ಕಡೆ ಗೋಡೆ ಸಮ ಇದೆ, ಆದರೆ ಬಣ್ಣ ಮಂಕು. ಒಂದೇ ಒಂದು ಕಡೆ ಕಂದು ಚುಕ್ಕೆ ಬಂದಿದೆ. ಒರೆಸಿದರೆ ಹೋಗಲ್ಲ, ಮೇಲೆ ಬಣ್ಣ ಹೊಡೆದರೆ ಎರಡು ದಿನಕ್ಕೆ ಮತ್ತೆ ಬರುತ್ತದೆ.

ಪುಟ್ಟಿಯೇ ಸರಿ ಇಲ್ಲವಾ, ನನ್ನ ಕೈಯೇ ಸರಿ ಇಲ್ಲವಾ?

ಅರ್ಧಂಬರ್ಧ
ಪುಟ್ಟಿ ಯಾಕೆ ತರೋಕೆ ಹೋದ್ರಿ? ಬಿಳಿ ಟೂತ್‌ಪೇಸ್ಟ್ ತುಂಬಿ ಒರೆಸಿಬಿಟ್ಟರೆ ಮುಗೀತು. ನಾನು ಮಾಡಿದ್ದೇನೆ, ಯಾರಿಗೂ ಗೊತ್ತಾಗಿಲ್ಲ.

ಬಾಡಿಗೆಮನೆ_ಬಸವ
ಯಾರಿಗೂ ಗೊತ್ತಾಗಿಲ್ಲ ಅಂದರೆ ನೀವು ಮನೆ ಖಾಲಿ ಮಾಡಿ ಹೋದಿರಿ ಅಂತ ಅರ್ಥ. ಮುಂದೆ ಬಂದವರನ್ನು ಕೇಳಿ. ನಾನೇ ಆ ಮುಂದೆ ಬಂದವನು! ನಮ್ಮ ಮಲಗುವ ಕೋಣೆಯಲ್ಲಿ ಯಾರೋ ಹೀಗೇ ಪೇಸ್ಟ್ ತುಂಬಿದ್ದರು. ಬಣ್ಣ ಹೊಡೆಯೋಕೆ ಅಂತ ಒದ್ದೆ ಬಟ್ಟೆಯಲ್ಲಿ ಗೋಡೆ ಒರೆಸಿದೆ, ತೂತುಗಳಿಂದ ನೊರೆ ಬಂತು. ಪುದೀನ ವಾಸನೆ ಬೇರೆ.

ಮೇಷ್ಟ್ರು_ಮನೆಕೆಲಸ
ಪೇಸ್ಟ್ ತುಂಬುವುದು ಯಾಕೆ ಬೇಡ ಅಂದರೆ, ಅದು ಒಣಗಬಾರದು ಅಂತಲೇ ತಯಾರಿಸಿರುವ ವಸ್ತು. ಟ್ಯೂಬ್ ಒಳಗೆ ಗಟ್ಟಿಯಾಗದಿರಲಿ ಅಂತ ಗ್ಲಿಸರಿನ್, ಸಾರ್ಬಿಟಾಲ್ ತರದ್ದು ಹಾಕಿರುತ್ತಾರೆ. ಅವು ಗಾಳಿಯ ತೇವ ಹೀರಿಕೊಂಡು ಪೇಸ್ಟನ್ನು ಮೆತ್ತಗೇ ಇಡುತ್ತವೆ. ಮೇಲೆ ಸಿಪ್ಪೆ ಕಟ್ಟಿದರೂ ಒಳಗೆ ಪೂರ್ತಿ ಗಟ್ಟಿಯಾಗುವುದಿಲ್ಲ. ನೀರು ತಾಗಿದರೆ ಕರಗುತ್ತದೆ. ಈಗಿನ ಎಮಲ್ಷನ್ ಎಲ್ಲಾ ನೀರಿನ ಬಣ್ಣವೇ ಅಲ್ವಾ? ಬ್ರಷ್ ಆಡಿಸುತ್ತಿದ್ದ ಹಾಗೆ ಪೇಸ್ಟ್ ಬಣ್ಣದ ಜೊತೆ ಕಲೆಸಿಕೊಳ್ಳುತ್ತದೆ. ಸೋಪು ತುಂಬುವವರ ಕಥೆಯೂ ಇದೇ.

ಕರಣೆ_ಕೈ
ಗೋಡೆಗೊಂದು_ಮೊಳೆ ಅಕ್ಕ, ನಾನು ಬಣ್ಣದ ಕೆಲಸ ಮಾಡಿಸುವವನು. ಮೊದಲು ಇಪ್ಪತ್ತು ವರ್ಷ ನಾನೇ ಬ್ರಷ್ ಹಿಡಿದಿದ್ದೇನೆ. ನಿಮ್ಮ ಪುಟ್ಟಿ ಸರಿಯಾಗೇ ಇದೆ. ನೀವು ಹೇಳಿದ ಗುಳಿ, ಉಬ್ಬು, ಮಂಕು, ಕಂದು ಚುಕ್ಕೆ ನಾಲ್ಕೂ ಬೇರೆ ಬೇರೆ ತಪ್ಪು. ಒಂದೇ ಮದ್ದಿನಿಂದ ಹೋಗುವುದಿಲ್ಲ.

ಎರಡು ವಿಷಯ ಹೇಳಿ. ಗೋಡೆ ಸಿಮೆಂಟ್ ಗಾರೆಯದಾ, ಜಿಪ್ಸಂ ಬೋರ್ಡಾ? ಕಂದು ಚುಕ್ಕೆ ಬಂದ ಕಡೆ ಮೊಳೆ ಪೂರ್ತಿ ಹೊರಗೆ ಬಂದಿತ್ತಾ?

ಗೋಡೆಗೊಂದು_ಮೊಳೆ
ಸಿಮೆಂಟ್ ಗಾರೆ. ಬೆರಳಲ್ಲಿ ಬಡಿದರೆ ಟಕ್ ಅನ್ನುತ್ತದೆ, ಟೊಳ್ಳು ಸದ್ದಿಲ್ಲ. ಮೊಳೆ ಪೂರ್ತಿ ಬಂದಿತ್ತಾ ಅಂತ ನೆನಪಿಲ್ಲ. ಎರಡು ಮೂರು ಮೊಳೆ ತಲೆ ಮುರಿದು ಬಂದಿದ್ದವು. "ಒಳಗೇ ಇರಲಿ ಬಿಡು" ಅಂತ ಮೇಲೆ ಮೆತ್ತಿದ ಹಾಗೆ ನೆನಪು.

ಸ್ಕ್ರೂ_ಸಡಿಲ
ಹಾಗಾದರೆ ಕಂದು ಚುಕ್ಕೆಯ ಉತ್ತರ ಸಿಕ್ಕಿತು. ತುಕ್ಕು.

ಕರಣೆ_ಕೈ
ಹೌದು, ತುಕ್ಕೇ. ಪುಟ್ಟಿಯಲ್ಲಿ ನೀರು, ಬಣ್ಣದಲ್ಲಿ ನೀರು, ಒಳಗೆ ಬರೀ ಕಬ್ಬಿಣ. ಒಣಗುವಾಗ ನೀರು ಹೊರಗೆ ಬರುತ್ತದಲ್ಲ, ತುಕ್ಕಿನ ಬಣ್ಣವನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ಅದಕ್ಕೇ ಎಷ್ಟು ಕೋಟ್ ಎಮಲ್ಷನ್ ಹೊಡೆದರೂ ಮತ್ತೆ ಕಾಣುವುದು. ಅಗೆದು ಮೊಳೆ ತುಂಡು ತೆಗೆಯಿರಿ. ಬರಲೇ ಇಲ್ಲ ಅಂದರೆ ಪಂಚ್ (ಮೊಳೆಯನ್ನು ಒಳಗೆ ತಳ್ಳುವ ಉಕ್ಕಿನ ಕಡ್ಡಿ) ಇಟ್ಟು ಇನ್ನಷ್ಟು ಒಳಗೆ ಹೊಡೆದು, ತುದಿಗೆ ಎಣ್ಣೆ ಆಧಾರಿತ ಮೆಟಲ್ ಪ್ರೈಮರ್ ಒಂದು ಹನಿ ಮುಟ್ಟಿಸಿ (ಪ್ರೈಮರ್ ಅಂದರೆ ಬಣ್ಣಕ್ಕೂ ಮೊದಲು ಬಳಿಯುವ ಅಡಿ ಕೋಟ್). ಅದು ಪೂರ್ತಿ ಒಣಗಿದ ಮೇಲೇ ಪುಟ್ಟಿ.

ಉಳಿದ ಮೂರರ ಬಗ್ಗೆ ಊಟ ಮುಗಿಸಿ ಬರೆಯುತ್ತೇನೆ. ಸ್ವಲ್ಪ ಉದ್ದ ಇದೆ.

ಚೌಕಟ್ಟು_ಚಪಲ
ಅಷ್ಟರಲ್ಲಿ ನನ್ನದೊಂದು ದಡ್ಡತನ ಕೇಳಿ. ತೂತು ಬಿಟ್ಟುಹೋಗಬಾರದು ಅಂತ ಪ್ರತಿ ತೂತಿನ ಸುತ್ತ ನೀಲಿ ಬಾಲ್‌ಪೆನ್ನಲ್ಲಿ ದುಂಡು ಹಾಕಿದ್ದೆ. ಪುಟ್ಟಿ ಚೆನ್ನಾಗಿ ಕೂತಿತು. ಬಣ್ಣ ಹೊಡೆದ ಮೇಲೆ ಗೋಡೆ ತುಂಬ ತಿಳಿನೀಲಿ ಉಂಗುರ. ಮೂರು ಕೋಟ್ ಆದರೂ ಇಣುಕುತ್ತಿತ್ತು. ಶಾಯಿಯೂ ತುಕ್ಕಿನ ತರವೇ, ನೀರಿನ ಬಣ್ಣದ ಮೂಲಕ ಮೇಲೆ ಬರುತ್ತದೆ. ಈಗ ಮಾಸ್ಕಿಂಗ್ ಟೇಪಿನ ಚೂರು ಅಂಟಿಸುತ್ತೇನೆ. ತುಂಬಿದ ಹಾಗೆ ಕಿತ್ತುಕೊಂಡು ಹೋಗುವುದು, ಲೆಕ್ಕವೂ ಸಿಗುತ್ತದೆ.

ಕರಣೆ_ಕೈ
ಬಂದೆ. ನೋಡಿ, ಜನ ತೂತು ಅಂದರೆ ಒಳಗಿನ ಖಾಲಿ ಜಾಗ ಅಂದುಕೊಳ್ಳುತ್ತಾರೆ. ತೊಂದರೆ ಇರುವುದು ತೂತಿನ ಬಾಯಲ್ಲಿ. ಮೊಳೆ ಹೊರಗೆ ಬರುವಾಗ ಸುತ್ತಲಿನ ಗಾರೆಯನ್ನೂ ಬಣ್ಣವನ್ನೂ ಸ್ವಲ್ಪ ಎಳೆದುಕೊಂಡೇ ಬರುತ್ತದೆ. ಬಾಯಿ ಸುತ್ತ ಹುತ್ತದ ಹಾಗೆ ಸಣ್ಣ ದಡ ಏಳುತ್ತದೆ. ಕಣ್ಣಿಗೆ ಕಾಣದೇ ಇರಬಹುದು. ಬೆರಳು ಸವರಿದರೆ ಸಿಗುತ್ತದೆ. ನೀವು ಆ ದಡವನ್ನು ಹಾಗೇ ಬಿಟ್ಟು ಮೇಲೆ ಪುಟ್ಟಿ ಮೆತ್ತಿದ್ದೀರಿ. ನಿಮ್ಮ ಸೊಳ್ಳೆ ಕಡಿತ ಅದೇ.

ದಡ ಏಳದ ಹಾಗೆ ಕೀಳುವುದು ಮೊದಲ ಕೆಲಸ. ಸುತ್ತಿಗೆಯ ಕೊಕ್ಕೆಯಲ್ಲಿ ಕೀಳುವಾಗ ಕೆಳಗೆ ತೆಳು ಹಲಗೆ ಚೂರೋ ಮಡಿಸಿದ ರಟ್ಟೋ ಇಡಿ. ಇಲ್ಲದಿದ್ದರೆ ಸುತ್ತಿಗೆ ಊರಿದ ಕಡೆ ಇನ್ನೊಂದು ಗುಳಿ ಗ್ಯಾರಂಟಿ. ಸಣ್ಣ ಮೊಳೆಗೆ ಕಟಿಂಗ್ ಪ್ಲೇಯರ್ ಸಾಕು. ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ತಿರುವಿ, ನೇರವಾಗಿ ಎಳೆಯಿರಿ. ಅಲ್ಲಾಡಿಸಬೇಡಿ. ಅಲ್ಲಾಡಿಸಿದಷ್ಟೂ ಬಾಯಿ ಅಗಲವಾಗುತ್ತದೆ.

ಕಿತ್ತ ಮೇಲೆ ಸ್ಕ್ರೂಡ್ರೈವರಿನ ಹಿಡಿಯನ್ನು, ಹಿಡಿಯನ್ನೇ, ತೂತಿನ ಮೇಲೆ ಒತ್ತಿ ತಿರುವಿ. ದಡ ಒಳಗೆ ಕೂರುತ್ತದೆ. ತೂತಿನ ಬಾಯಿ ಸಣ್ಣ ತಟ್ಟೆಯ ಹಾಗೆ ಒಂದು ಕೂದಲೆಳೆ ತಗ್ಗಾಗುತ್ತದೆ. ಪುಟ್ಟಿ ಹಿಡಿದುಕೊಳ್ಳುವುದು ಆ ತಗ್ಗಿನಲ್ಲಿ. ಸಡಿಲ ಬಣ್ಣದ ಸಿಪ್ಪೆ ಇದ್ದರೆ ಬ್ಲೇಡಿನ ಮೂಲೆಯಲ್ಲಿ ಕೆರೆದು ಹಾಕಿ. ಹಳೆ ಟೂತ್‌ಬ್ರಷ್‌ನಲ್ಲಿ ಪುಡಿ ತೆಗೆಯಿರಿ. (ಟೂತ್‌ಪೇಸ್ಟ್ ಬೇಡ, ಬ್ರಷ್ ಇರಲಿ.) ಪುಡಿ ಉಳಿದರೆ ಪುಟ್ಟಿ ಗೋಡೆಗೆ ಅಂಟುವುದಿಲ್ಲ, ಪುಡಿಗೆ ಅಂಟುತ್ತದೆ. ಒಂದು ದಿನ ಬಿರಡೆಯ ಹಾಗೆ ಇಡಿಯಾಗಿ ಕಳಚಿಕೊಳ್ಳುತ್ತದೆ.

ಈಗ ಗುಳಿ. ರೆಡಿ ಪುಟ್ಟಿ ಒಣಗುವುದು ಅಂದರೆ ಅದರ ನೀರು ಆವಿಯಾಗಿ ಹೋಗುವುದು. ನೀರು ಹೋದ ಜಾಗ ಕುಗ್ಗುತ್ತದೆ. ತೂತು ಆಳ ಇದ್ದಷ್ಟೂ ಕುಗ್ಗುವುದು ಜಾಸ್ತಿ. ನೀವು ಒಂದೇ ಸಲ ತುಂಬಿ, ಒಂದೇ ಗಂಟೆಗೆ ಬಣ್ಣ ಹೊಡೆದಿರಿ. ಮೇಲೆ ಒಣಗಿತ್ತು, ಒಳಗೆ ಹಸಿ ಇತ್ತು. ಬಣ್ಣ ಹೊಡೆದ ಮೇಲೂ ಅದು ಕುಗ್ಗುತ್ತಲೇ ಇತ್ತು. ಹಾಗಾಗಿ ಎರಡು ಸಲ ತುಂಬಬೇಕು. ಮೊದಲನೇ ಸಲ ಗಟ್ಟಿಯಾಗಿ ಒತ್ತಿ ಒಳಗೆ ಸೇರಿಸಿ, ಗೋಡೆಯ ಮಟ್ಟಕ್ಕಿಂತ ಸ್ವಲ್ಪ ಕೆಳಗೇ ಇರಲಿ. ಅದು ಒಣಗಿದ ಮೇಲೆ ಎರಡನೇ ಸಲ ತೆಳ್ಳಗೆ, ತೂತಿಗಿಂತ ಒಂದು ಬೆರಳು ಅಗಲ ಎಳೆಯಿರಿ.

ಬೆರಳಲ್ಲಿ ಮೆತ್ತಬೇಡಿ. ಬೆರಳು ದುಂಡಗಿದೆ, ಅದು ಒರೆಸುತ್ತಲೇ ನಡುವೆ ತಗ್ಗು ಮಾಡುತ್ತದೆ. 2 ಇಂಚಿನ ಬಳುಕುವ ಪುಟ್ಟಿ ಬ್ಲೇಡ್ ತಗೊಳ್ಳಿ. ಮೇಲಿನಿಂದ ಕೆಳಗೆ ಒತ್ತಿ ತುಂಬಿ. ಆಮೇಲೆ ಬ್ಲೇಡನ್ನು ಗೋಡೆಗೆ ಇನ್ನೂ ನೆಟ್ಟಗೆ ಹಿಡಿದು, ಅಡ್ಡಡ್ಡ ಒಂದೇ ಎಳೆತ. ಆ ಎಳೆತ ಮುಗಿಯಿತಾ, ಕೈ ತೆಗೆಯಿರಿ. ಹೊಸಬರು ಕೆಡಿಸಿಕೊಳ್ಳುವುದು ಇಲ್ಲೇ. "ಇನ್ನೊಂಚೂರು ನೈಸ್ ಮಾಡೋಣ" ಅಂತ ಹತ್ತು ಸಲ ಎಳೆಯುತ್ತಾರೆ, ಅರ್ಧ ಗಟ್ಟಿಯಾದ ಪುಟ್ಟಿ ಕಿತ್ತುಕೊಂಡು ಬರುತ್ತದೆ.

ಗೋಡೆಗೊಂದು_ಮೊಳೆ
ಹತ್ತು ಸಲ ಅಲ್ಲ, ಇಪ್ಪತ್ತು ಸಲ ಎಳೆದಿದ್ದೇನೆ ಸರ್. ಒಣಗಿದೆ ಅಂತ ತಿಳಿಯುವುದು ಹೇಗೆ? ಡಬ್ಬದ ಮೇಲೆ ಬರೆದ ಹೊತ್ತಿಗೇ ಒಣಗುವುದಿಲ್ಲ.

ಕರಣೆ_ಕೈ
ಅಂಗೈ ತಿರುಗಿಸಿ ಕೈ ಹಿಂಭಾಗ ಮುಟ್ಟಿಸಿ. ಸುತ್ತಲಿನ ಗೋಡೆಗಿಂತ ತಣ್ಣಗಿದ್ದರೆ ಇನ್ನೂ ನೀರು ಆರುತ್ತಿದೆ. ಹಸಿ ಇರುವಾಗ ನಡುವೆ ಕಪ್ಪಗೆ ಒಂದು ಚುಕ್ಕೆ ಕಾಣುತ್ತದೆ, ಅದೂ ಹೋಗಬೇಕು. ಮಳೆಗಾಲದಲ್ಲಿ ಒಂದು ರಾತ್ರಿ ಬಿಡುವುದೇ ವಾಸಿ.

ಮೇಷ್ಟ್ರು_ಮನೆಕೆಲಸ
ಕುಗ್ಗುವ ತೊಂದರೆಯೇ ಬೇಡ ಅನ್ನುವವರಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಇದೆ. ಇದು ಒಣಗಿ ಗಟ್ಟಿಯಾಗುವುದಲ್ಲ. ಜಿಪ್ಸಂ ಕಲ್ಲನ್ನು ಕಾಯಿಸಿ ಅದರೊಳಗಿನ ನೀರಿನ ಮುಕ್ಕಾಲು ಪಾಲು ತೆಗೆದ ಪುಡಿ ಅದು. ನಾವು ನೀರು ಕಲೆಸಿದಾಗ ಕಳಕೊಂಡ ನೀರನ್ನು ಹಿಡಿದುಕೊಂಡು ಮತ್ತೆ ಜಿಪ್ಸಂ ಆಗುತ್ತದೆ. ಸಣ್ಣ ಸಣ್ಣ ಹರಳು ಬೆಳೆದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಕುಗ್ಗುವ ಬದಲು ಒಂದಿಷ್ಟು ಹಿಗ್ಗುತ್ತದೆ. ಅದಕ್ಕೇ ಆಳದ ತೂತಿಗೆ ಒಳ್ಳೆಯದು. (ಪ್ಯಾರಿಸ್‌ನ ಮೊಂಮಾರ್ತ್ ಗುಡ್ಡದಲ್ಲಿ ಜಿಪ್ಸಂ ಗಣಿಗಳಿದ್ದವು, ಹೆಸರು ಬಂದದ್ದು ಅಲ್ಲಿಂದ.)

ಆದರೆ ಅದು ಕಾಯುವುದಿಲ್ಲ. ಕಲೆಸಿದ ಹತ್ತು ಹದಿನೈದು ನಿಮಿಷಕ್ಕೆ ಬಟ್ಟಲಲ್ಲೇ ಕಲ್ಲು. ಒಂದು ಹಿಡಿಯಷ್ಟೇ ಕಲೆಸಿಕೊಳ್ಳಿ. ಬಟ್ಟಲನ್ನು ತೊಳೆದೇ ಮುಂದಿನದು ಕಲೆಸಿ. ಹಳೆಯ ಚೂರು ಅಂಟಿಕೊಂಡಿದ್ದರೆ ಅದೇ ಬೀಜವಾಗಿ ಹೊಸದು ಇನ್ನೂ ಬೇಗ ಗಟ್ಟಿಯಾಗುತ್ತದೆ. ಗಟ್ಟಿಯಾಗುತ್ತಿರುವುದಕ್ಕೆ ನೀರು ಸೇರಿಸಿ ಮತ್ತೆ ಕಲೆಸುವುದಂತೂ ಬೇಡ. ಆಗ ಅದು ಸೀಮೆಸುಣ್ಣದ ಹಾಗೆ ಉದುರುತ್ತದೆ.

ಸ್ಕ್ರೂ_ಸಡಿಲ
ಗಟ್ಟಿ ಇರಲಿ ಅಂತ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದು ಚಮಚ ಸಿಮೆಂಟ್ ಹಾಕಿದರೆ?

ಮೇಷ್ಟ್ರು_ಮನೆಕೆಲಸ
ದಯವಿಟ್ಟು ಬೇಡ. ಜಿಪ್ಸಂ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ತೇವ ಸಿಕ್ಕಾಗ ಅದು ಸಿಮೆಂಟಿನ ಅಲ್ಯುಮಿನೇಟ್ ಜೊತೆ ಸೇರಿ ಹೊಸ ಹರಳು ಕಟ್ಟುತ್ತದೆ. ಆ ಹರಳಿಗೆ ಜಾಗ ಜಾಸ್ತಿ ಬೇಕು. ಮೊದಲು ಗಟ್ಟಿಯಾಗೇ ಕಾಣುತ್ತದೆ. ದಿನ ಕಳೆದ ಹಾಗೆ ಒಳಗಿನಿಂದ ತಳ್ಳಿ ಬಿರುಕು ಬಿಡುತ್ತದೆ. ಜಿಪ್ಸಂ ತೇವಕ್ಕೆ ಮೆತ್ತಗೂ ಆಗುತ್ತದೆ. ಹಾಗಾಗಿ ತೇವ ಹೊಡೆಯುವ ಗೋಡೆಗೆ, ಬಚ್ಚಲಿಗೆ, ಹೊರಗೋಡೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡ. ಅಲ್ಲಿ ವೈಟ್ ಸಿಮೆಂಟ್ ಪುಟ್ಟಿ ಸರಿ.

ಕರಣೆ_ಕೈ
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ವೈಟ್ ಸಿಮೆಂಟ್ ಪುಟ್ಟಿ ಹಾಕುವ ಮುಂಚೆ ತೂತಿಗೆ ನೀರು ಚಿಮುಕಿಸಬೇಕು. ಒಣ ಗಾರೆ ಪುಟ್ಟಿಯ ನೀರನ್ನೆಲ್ಲ ಹೀರಿಬಿಟ್ಟರೆ ಸಿಮೆಂಟ್ ಗಟ್ಟಿಯಾಗಲು ನೀರೇ ಉಳಿಯುವುದಿಲ್ಲ. ಆಮೇಲೆ ಉಗುರಲ್ಲಿ ಕೆರೆದರೆ ಪುಡಿ ಪುಡಿ. ಡಬ್ಬದ ಅಕ್ರಿಲಿಕ್ ಪುಟ್ಟಿಗೆ ಇಷ್ಟು ನೀರು ಬೇಡ, ಒದ್ದೆ ಬ್ರಷ್ ಆಡಿಸಿದರೆ ಸಾಕು.

ಹೊಸಮನೆ_ಹಳೆಮೊಳೆ
ನಮ್ಮದು ಜಿಪ್ಸಂ ಬೋರ್ಡ್. ಯಾರೂ ಮೊಳೆ ಹೊಡೆಯದ ಕಡೆಯೂ ಮೊಳೆ ತಲೆಯಷ್ಟು ಗುಬುಟು ಬರುತ್ತಿದೆ. ಎರಡು ಸಲ ಪುಟ್ಟಿ ಹಾಕಿದೆ, ಮತ್ತೆ ಅದೇ ಜಾಗ.

ಕರಣೆ_ಕೈ
ಅದು ಬೋರ್ಡನ್ನು ಹಿಡಿದಿರುವ ಮೊಳೆ ಸಡಿಲವಾಗಿ ಹೊರಗೆ ತಳ್ಳುತ್ತಿರುವುದು. ಹಿಂದಿನ ಮರದ ಪಟ್ಟಿ ಒಣಗಿ ಕುಗ್ಗಿದರೆ ಹೀಗಾಗುತ್ತದೆ. ಪುಟ್ಟಿಯಿಂದ ನಿಲ್ಲುವುದಿಲ್ಲ. ಎರಡು ಇಂಚು ಆಚೆ, ಅದೇ ಪಟ್ಟಿಗೆ ಒಂದು ಸ್ಕ್ರೂ ಹಾಕಿ ಬೋರ್ಡನ್ನು ಬಿಗಿ ಮಾಡಿ. ಸ್ಕ್ರೂ ತಲೆ ಬೋರ್ಡಿನ ಮೇಲಿನ ಕಾಗದವನ್ನು ಹರಿಯದೆ ಸ್ವಲ್ಪ ಒಳಗೆ ಕೂರಲಿ. ಹಳೆ ಮೊಳೆ ಕಿತ್ತುಹಾಕಿ, ಆಮೇಲೆ ಎರಡನ್ನೂ ತುಂಬಿ. ಬೋರ್ಡಿನ ಕಾಗದ ಎದ್ದಿದ್ದರೆ ಬ್ಲೇಡಲ್ಲಿ ಕತ್ತರಿಸಿ ತೆಗೆಯಿರಿ, ಉಜ್ಜಬೇಡಿ. ಉಜ್ಜಿದರೆ ಜುಂಗು ಏಳುತ್ತದೆ.

ಬಾಡಿಗೆಮನೆ_ಬಸವ
ತೂತಿನೊಳಗೆ ಪ್ಲಾಸ್ಟಿಕ್ ಗಿಟ್ಟಿ ಉಳಿದಿದ್ದರೆ ಏನು ಮಾಡುವುದು? ಇಕ್ಕುಳದಲ್ಲಿ ಎಳೆದೆ, ತುದಿ ಮಾತ್ರ ಕೈಗೆ ಬಂತು.

ಸ್ಕ್ರೂ_ಸಡಿಲ
ಒಂದು ಸ್ಕ್ರೂವನ್ನು ಎರಡು ಮೂರು ಸುತ್ತು ಮಾತ್ರ ಒಳಗೆ ತಿರುಗಿಸಿ, ಸ್ಕ್ರೂ ತಲೆಯನ್ನು ಹಿಡಿದು ಎಳೆಯಿರಿ. ಗಿಟ್ಟಿ ಜೊತೆಗೇ ಬರುತ್ತದೆ. ಪೂರ್ತಿ ತಿರುಗಿಸಿದರೆ ಗಿಟ್ಟಿ ಅರಳಿ ಇನ್ನೂ ಬಿಗಿಯಾಗುತ್ತದೆ. ಬರದಿದ್ದರೆ ಗಾರೆ ಒಡೆಯುವಷ್ಟು ಹಟ ಮಾಡಬೇಡಿ, ಅರ್ಧ ಸೆಂಟಿಮೀಟರ್ ಒಳಗೆ ತಳ್ಳಿ ಮೇಲೆ ತುಂಬಿಬಿಡಿ. ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯಲ್ಲ.

ಗೋಡೆಗೊಂದು_ಮೊಳೆ
ಎಲ್ಲರಿಗೂ ಥ್ಯಾಂಕ್ಸ್. ಮಂಕು ಬಣ್ಣದ ಕಥೆ ಬಾಕಿ ಇದೆ. ಅಲ್ಲಿ ಗೋಡೆ ಸಮ ಇದೆ, ಬೆರಳಿಗೂ ಏನೂ ಸಿಗುವುದಿಲ್ಲ. ಆದರೂ ಪಕ್ಕದಿಂದ ನೋಡಿದರೆ ದುಂಡಗೆ ಕಾಣುತ್ತದೆ.

ಕರಣೆ_ಕೈ
ಪ್ರೈಮರ್ ಹಾಕಿದ್ರಾ?

ಗೋಡೆಗೊಂದು_ಮೊಳೆ
ಇಷ್ಟು ಸಣ್ಣ ಚುಕ್ಕೆಗೆ ಪ್ರೈಮರ್ ಬೇಕಾ ಅಂತ ಬಿಟ್ಟೆ.

ಕರಣೆ_ಕೈ
ಹಾಗಾದರೆ ಅದೇ. ಸುತ್ತಲಿನ ಗೋಡೆಗೆ ಹಳೆ ಬಣ್ಣದ ಪದರ ಇದೆ, ಅದು ಹೊಸ ಬಣ್ಣವನ್ನು ಹೀರುವುದಿಲ್ಲ. ಬರೀ ಪುಟ್ಟಿ ಹೀರುತ್ತದೆ. ಬಣ್ಣದ ಅಂಟು ಪುಟ್ಟಿಯೊಳಗೆ ಇಳಿದುಬಿಟ್ಟರೆ ಮೇಲೆ ಹೊಳಪಿಲ್ಲ. ಬಣ್ಣ ಒಂದೇ, ಹೊಳಪು ಬೇರೆ. ಕಣ್ಣು ಅದನ್ನೇ ಮೊದಲು ಹಿಡಿಯುತ್ತದೆ. ಹೊಳಪಿನ ಬಣ್ಣ ಆದಷ್ಟೂ ಜಾಸ್ತಿ ಕಾಣುತ್ತದೆ.

ಪ್ರತಿ ಚುಕ್ಕೆಗೂ ಪ್ರೈಮರ್ ಮುಟ್ಟಿಸಿ. ಬ್ರಷ್ ಬೇಡ, ಸಣ್ಣ ರೋಲರ್ ತಗೊಳ್ಳಿ. ನಿಮ್ಮ ಗೋಡೆ ಮೊದಲು ರೋಲರಲ್ಲಿ ಹೊಡೆದದ್ದಾದರೆ ಅದರ ಮೇಲೆ ಸಣ್ಣ ಸಣ್ಣ ಹರಳು ಹರಳಾದ ಮೈ ಇರುತ್ತದೆ. ಪುಟ್ಟಿ ಕೂತ ಜಾಗ ಮಾತ್ರ ಗಾಜಿನ ಹಾಗೆ ನುಣುಪು. ರೋಲರ್ ಪ್ರೈಮರ್ ಆ ಮೈಯನ್ನು ಸ್ವಲ್ಪ ವಾಪಸ್ ತರುತ್ತದೆ. ಆಮೇಲೆ ಬಣ್ಣ ಚುಕ್ಕೆ ಚುಕ್ಕೆಗೆ ಬೇಡ. ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೆ ಇಡೀ ಗೋಡೆ ಹೊಡೆಯಿರಿ. ಅದೇ ಡಬ್ಬದ ಬಣ್ಣ ಇದ್ದರೂ ಗೋಡೆ ಮೇಲಿನದು ಬಿಸಿಲಿಗೆ ಮಾಸಿರುತ್ತದೆ, ತೇಪೆ ತೇಪೆಯಾಗಿ ಕಾಣುತ್ತದೆ.

ಚೌಕಟ್ಟು_ಚಪಲ
ಉಜ್ಜುವುದರ ಬಗ್ಗೆ ಯಾರೂ ಹೇಳಲಿಲ್ಲ. ಎಮರಿ ಪೇಪರನ್ನು ಬೆರಳಿಗೆ ಸುತ್ತಿ ಉಜ್ಜಬೇಡಿ. ಪುಟ್ಟಿ ಮೆತ್ತಗೆ, ಗೋಡೆ ಗಟ್ಟಿ. ಬೆರಳು ಪುಟ್ಟಿಯನ್ನೇ ತಿಂದು ಮತ್ತೆ ಗುಳಿ ಮಾಡುತ್ತದೆ. ಸಪಾಟಾದ ಮರದ ತುಂಡಿಗೆ ಸುತ್ತಿ. 150 ನಂಬರಿನಿಂದ ಶುರು, 220 ರಲ್ಲಿ ಮುಗಿಸಿ. ಆಮೇಲೆ ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಗೋಡೆಗೆ ಅಂಟಿಸಿದ ಹಾಗೆ ಹಿಡಿದು ಬೆಳಕು ಬಿಡಿ. ದೀಪ ಹಾಕಿದಾಗ ಕಾಣುವುದೆಲ್ಲ ಆಗಲೇ ಕಾಣುತ್ತದೆ, ಬಣ್ಣ ಹೊಡೆಯುವ ಮುಂಚೆಯೇ.

ಮೇಷ್ಟ್ರು_ಮನೆಕೆಲಸ
ಮಾಸ್ಕ್ ಹಾಕಿಕೊಳ್ಳಿ. ಮನೆ ತುಂಬ ಹಳೆಯದಾದರೆ ಒಣ ಉಜ್ಜುವುದೇ ಬೇಡ. ಹಳೆಯ ಬಣ್ಣದ ಪದರದಲ್ಲಿ ಸೀಸ ಇರಬಹುದು, ಆ ಧೂಳು ಮಕ್ಕಳಿಗೆ ವಿಷ. ಒದ್ದೆ ಸ್ಪಂಜಿನಲ್ಲಿ ಒರೆಸಿ ಸಮ ಮಾಡಿದರೆ ಧೂಳೇ ಏಳುವುದಿಲ್ಲ.

ಗೋಡೆಗೊಂದು_ಮೊಳೆ
ಒಂಬತ್ತು ದಿನ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಉಬ್ಬು ಕೆರೆದೆ, ಗುಳಿಗೆ ಎರಡನೇ ಸಲ ಎಳೆದೆ. ಒಂದೇ ಎಳೆತಕ್ಕೆ ಕೈ ತೆಗೆಯುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆ, ನಾನು ಎರಡನೇ ಸಲ ಬ್ಲೇಡ್ ಎತ್ತಿದಾಗಲೆಲ್ಲ "ಅಮ್ಮಾ ಸಾಕು" ಅನ್ನುವುದು ಅವಳ ಕೆಲಸ.

ಕಂದು ಚುಕ್ಕೆ ಅಗೆದೆ. ಒಂದು ಸೆಂಟಿಮೀಟರ್ ಒಳಗೆ ಮೊಳೆ ಚೂರು ಸಿಕ್ಕಿತು. ಸುತ್ತಲಿನ ಪುಟ್ಟಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಒಳಗೆ ಇನ್ನೂ ತೇವ ಇತ್ತು. ಆ ಕಿತ್ತಳೆ ಭಾಗ ಪೂರ್ತಿ ಕೆರೆದು ತೆಗೆದೇ ಹೊಸದು ತುಂಬಿದೆ.

ನಿನ್ನೆ ರಾತ್ರಿ ದೀಪ ಹಾಕಿದೆ. 37 ರಲ್ಲಿ 35 ಕಾಣುವುದಿಲ್ಲ. ಉಳಿದ ಎರಡು ದೀಪದ ನೇರ ಕೆಳಗಿವೆ. ನನಗೆ ಮಾತ್ರ ಕಾಣುತ್ತವೆ. ಯಜಮಾನರಿಗೆ ತೋರಿಸಿದರೂ ಕಾಣಲಿಲ್ಲ.

ಈಗ ಗಡಿಯಾರ ವಾಪಸ್ ಹಾಕಬೇಕು. ಅದೇ ಹಳೆ ತೂತಿಗೇ ಮೊಳೆ ಹೊಡೆಯಬಹುದಾ?

ಕರಣೆ_ಕೈ
ಬೇಡ ಅಕ್ಕ. ಡಬ್ಬದ ಪುಟ್ಟಿ ಮೊಳೆಯನ್ನು ಹಿಡಿಯುವುದಿಲ್ಲ, ಮೊಳೆ ಜೊತೆ ಅದೂ ಕಿತ್ತು ಬರುತ್ತದೆ. ಎರಡು ಇಂಚು ಪಕ್ಕಕ್ಕೆ ಗಟ್ಟಿ ಗಾರೆಯಲ್ಲಿ ಹೊಡೆಯಿರಿ. ಹೊಡೆಯುವ ಜಾಗಕ್ಕೆ ಮೊದಲು ಟೇಪ್ ಅಂಟಿಸಿಕೊಂಡರೆ ಬಣ್ಣ ಚಕ್ಕೆ ಏಳುವುದು ಕಡಿಮೆ. ಸಾಧ್ಯವಾದರೆ ಆ ಎರಡು ಚುಕ್ಕೆ ಮರೆಯಾಗುವ ಹಾಗೆ ಹಾಕಿ.

ಗೋಡೆಗೊಂದು_ಮೊಳೆ
ಅಯ್ಯೋ, ಇದು ಹೊಳೆಯಲೇ ಇಲ್ಲ. ಗಡಿಯಾರ ಒಂದೇ ಇದೆ, ಇನ್ನೊಂದು ಚುಕ್ಕೆಗೆ ಕ್ಯಾಲೆಂಡರ್.

ಅರ್ಧಂಬರ್ಧ
ಬಚ್ಚಲಿನ ಟೈಲ್ಸ್ ಮೇಲಿನ ತೂತಿಗೂ ಇದೇ ಪುಟ್ಟಿ ನಡೆಯುತ್ತಾ?

ಕರಣೆ_ಕೈ
ನಡೆಯಲ್ಲ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಹೇಳುತ್ತೇನೆ. ಅಲ್ಲಿವರೆಗೆ ಪೇಸ್ಟ್ ಮಾತ್ರ ತುಂಬಬೇಡಿ.